‘ಟೆಲ್ ಮಿ ಅಬೌಟ್ ಇಟ್’ ಎಂದವರಿಗೆ ಏನನ್ನೂ ಹೇಳಬೇಕಾಗಿಲ್ಲ: ಇಂಗ್ಲಿಷಿನ ಕುಶಾಲಿನ ಮಾತನ್ನು ಅರಿಯುವ ಕ್ರಮ

ಗೋಕರ್ಣದ ಕುಡ್ಲೆ ಕಡಲತೀರದ ಬಳಿ ಹೋಮ್‌ಸ್ಟೇ ನಡೆಸುವ ಸ್ನೇಹಿತರೊಬ್ಬರ ಜಗಲಿಯಲ್ಲಿ ಒಂದು ಜುಲೈ ತಿಂಗಳ ಬೆಳಿಗ್ಗೆ ನಾನು ಕುಳಿತಿದ್ದೆ. ಹಿಂದಿನ ರಾತ್ರಿಯ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದು ಕರೆಂಟು ಹೋಗಿತ್ತು. ಇಂಗ್ಲೆಂಡಿನಿಂದ ಬಂದು ಒಂದು ವಾರದಿಂದ ತಂಗಿದ್ದ ಅತಿಥಿಯೊಬ್ಬರು ನಿದ್ದೆಯಿಲ್ಲದ ಕೆಂಪು ಕಣ್ಣುಗಳೊಂದಿಗೆ ಹೊರಗೆ ಬಂದರು. ಸ್ನೇಹಿತರು ಚಹಾ ಕೊಡುತ್ತ, ರಾತ್ರಿಯಿಂದ ಫ್ಯಾನು ತಿರುಗಿಲ್ಲ, ಸೊಳ್ಳೆಯ ಕಾಟ ಬೇರೆ, ಬಹಳ ಕಷ್ಟ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅತಿಥಿ ತಲೆಯಾಡಿಸಿ ‘ಟೆಲ್ ಮಿ ಅಬೌಟ್ ಇಟ್’ ಎಂದರು. ‘ಅದರ ಬಗ್ಗೆ ನನಗೆ ಹೇಳಿ’ ಎಂಬ ಕೋರಿಕೆ ಬಂದಿದೆಯೆಂದು ತಿಳಿದ ನನ್ನ ಸ್ನೇಹಿತರು ಕುರ್ಚಿ ಎಳೆದುಕೊಂಡು ಕುಳಿತು, ಬಿದ್ದದ್ದು ಯಾವ ಮರ, ಮುರಿದದ್ದು ಯಾವ ಕಂಬ, ಲೈನ್‌ಮ್ಯಾನಿಗೆ ಎಷ್ಟು ಸಲ ಫೋನ್ ಮಾಡಿದ್ದಾಯಿತು ಎಂಬುದನ್ನೆಲ್ಲ ಸಾವಧಾನವಾಗಿ ವಿವರಿಸಿದರು. ಅತಿಥಿ ಸೌಜನ್ಯದಿಂದ ಕೊನೆಯವರೆಗೂ ಕೇಳಿಸಿಕೊಂಡರು, ಅಷ್ಟರಲ್ಲಿ ಚಹಾ ತಣ್ಣಗಾಗಿತ್ತು. ಅವರು ಹೇಳಿದ್ದರ ಅರ್ಥ ‘ನನಗೆ ಗೊತ್ತಿಲ್ಲವೇ, ರಾತ್ರಿಯಿಡೀ ನಾನೂ ಅನುಭವಿಸಿದ್ದೇನಲ್ಲ’ ಎಂದಿತ್ತು. ಇಬ್ಬರೂ ಒಳ್ಳೆಯವರು, ಇಬ್ಬರ ವ್ಯಾಕರಣದಲ್ಲೂ ತಪ್ಪಿರಲಿಲ್ಲ. ಆದರೂ ಒಂದು ಸಣ್ಣ ಸ್ನೇಹದ ಮಾತು ಹಾದಿ ತಪ್ಪಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಸಂದರ್ಭಗಳು ಈಗ ಅಪರೂಪವಲ್ಲ. ಕಾರವಾರದ ಬಳಿ 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೆ ದೇಶದ ಎಲ್ಲ ಮೂಲೆಗಳ ಕುಟುಂಬಗಳು ಅಲ್ಲಿ ನೆಲೆಸಿವೆ. ಕೈಗಾ, ಗೋಕರ್ಣ, ದಾಂಡೇಲಿ, ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗುವ ಸ್ಕೂಬಾ ದೋಣಿ, ಎಲ್ಲೆಡೆ ಇಂಗ್ಲಿಷ್ ಕಿವಿಗೆ ಬೀಳುತ್ತದೆ. ಶಿರಸಿ, ಸಿದ್ದಾಪುರದ ಹಳ್ಳಿಮನೆಗಳ ಮಾಳಿಗೆಯಲ್ಲಿ ಕುಳಿತು ದೂರದೇಶದ ಕಂಪನಿಗೆ ಕೆಲಸ ಮಾಡುವ ತರುಣ ತರುಣಿಯರಿದ್ದಾರೆ. ಇವರಲ್ಲಿ ಹೆಚ್ಚಿನವರ ಇಂಗ್ಲಿಷ್ ಚೆನ್ನಾಗಿಯೇ ಇದೆ. ವರದಿ ಬರೆಯುತ್ತಾರೆ, ದರ ಮಾತಾಡುತ್ತಾರೆ, ಯಂತ್ರದ ದೋಷ ವಿವರಿಸುತ್ತಾರೆ. ತಡವರಿಸುವುದು ಕೆಲಸದ ಮಾತಿನಲ್ಲಲ್ಲ, ಕೆಲಸದ ಮಾತಿಗೆ ಮೊದಲು ಮತ್ತು ನಂತರ ಬರುವ ಕುಶಾಲಿನ ಮಾತಿನಲ್ಲಿ. ಇಂಗ್ಲಿಷ್ ಕಲಿಸುವವನಾಗಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪಠ್ಯಪುಸ್ತಕದಲ್ಲಿ ಇದಕ್ಕೊಂದು ಪಾಠವಿಲ್ಲವೆಂಬುದು ನನಗೆ ನಿಜವಾಗಿ ಬೇಸರದ ಸಂಗತಿ.

‘ಹಗುರ ಮಾತು’ ಎಂದು ಬರೆಯದೆ ‘ಕುಶಾಲಿನ ಮಾತು’ ಎಂದು ಬರೆದದ್ದಕ್ಕೆ ಕಾರಣವಿದೆ. ‘ಅವನು ನನ್ನನ್ನು ಹಗುರವಾಗಿ ಮಾತಾಡಿದ’ ಎಂದರೆ ಕನ್ನಡದಲ್ಲಿ ಅದು ದೂರು. ‘ಕುಶಾಲಿಗೆ ಹೇಳಿದ್ದು ಮಾರಾಯ್ರೆ’ ಎಂದರೆ ಅದು ಸಲುಗೆ. ಇಲ್ಲಿ ಹೇಳಹೊರಟಿರುವುದು ಈ ಎರಡನೆಯದರ ಬಗ್ಗೆ.

ಮೊದಲು ತಿಳಿಯಬೇಕಾದದ್ದು: ಈ ವಿದ್ಯೆ ನಮಗೆ ಬರುತ್ತದೆ

ಮನೆಯಿಂದ ಹೊರಡುವಾಗ ನಾವು ‘ಬರ್ತೇನೆ’ ಎನ್ನುತ್ತೇವೆ. ಹೋಗುತ್ತಿರುವವರು ಬರುತ್ತೇನೆ ಎನ್ನುವುದೇಕೆಂದು ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಸಿಕ್ಕವರು ‘ಎತ್ಲಾಗೆ ಹೊರಟ್ರಿ?’ ಎಂದರೆ ‘ಇಲ್ಲೇ ಪೇಟೆಗೆ’ ಎಂದು ಮುಂದೆ ನಡೆಯುತ್ತೇವೆಯೇ ಹೊರತು ಪೇಟೆಯಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಒಪ್ಪಿಸುವುದಿಲ್ಲ. ವರ್ಷಕ್ಕೊಮ್ಮೆ ಬಂದ ನೆಂಟರಿಗೆ ‘ಏನು, ದಾರಿ ತಪ್ಪಿ ಬಂದಿರಾ?’ ಎಂದು ಕೇಳಿದರೆ ಅವರು ದಾರಿ ಸರಿಯಾಗಿ ಗೊತ್ತಿದೆಯೆಂದು ವಾದಿಸುವುದಿಲ್ಲ, ನಕ್ಕು ಕಾಲು ತೊಳೆಯುತ್ತಾರೆ. ಇಂಗ್ಲಿಷಿನವರು ಬಹುದಿನಗಳ ಮೇಲೆ ಕಂಡ ಪರಿಚಯಸ್ಥರಿಗೆ ‘ಹಲೋ, ಸ್ಟ್ರೇಂಜರ್’, ಅಂದರೆ ‘ನಮಸ್ಕಾರ, ಅಪರಿಚಿತರೇ’ ಎನ್ನುವುದು ಇದೇ ಮಾತಿನ ಅವರ ರೂಪ. ‘ಸೀ ಯೂ ಲೇಟರ್’ ಎಂಬುದು ನಮ್ಮ ‘ಬರ್ತೇನೆ’ಯ ಹಾಗೆ. ಸಂಜೆ ಎಷ್ಟು ಗಂಟೆಗೆ ಸಿಗೋಣ ಎಂದು ಅದಕ್ಕೆ ಮರುಪ್ರಶ್ನೆ ಹಾಕುವ ಅಗತ್ಯವಿಲ್ಲ.

ಪೋಲೆಂಡಿನಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಮೀನುಗಾರರ, ಕೃಷಿಕರ ನಡುವೆ ಬಾಳಿದವರು. ಸುದ್ದಿ ತಿಳಿಸುವುದಕ್ಕಲ್ಲದೆ ಕೇವಲ ಒಡನಾಟದ ನಂಟು ಉಳಿಸಿಕೊಳ್ಳುವುದಕ್ಕಾಗಿ ಜನ ಆಡುವ ಮಾತಿಗೆ ಅವರು 1923ರಲ್ಲಿ ‘ಫ್ಯಾಟಿಕ್ ಕಮ್ಯೂನಿಯನ್’ ಎಂದು ಹೆಸರಿಟ್ಟರು. ನನಗೆ ಇದು ನಮ್ಮ ಕಡೆಯ ಕವಳದ, ಅಂದರೆ ಎಲೆ ಅಡಿಕೆಯ ತಟ್ಟೆಯ ಹಾಗೆ ಕಾಣುತ್ತದೆ. ಜಗಲಿಗೆ ಬಂದವರ ಮುಂದೆ ತಟ್ಟೆ ಸರಿಸುತ್ತೇವೆ, ಅವರೊಂದು ಎಲೆ ತೆಗೆದುಕೊಂಡು ತಟ್ಟೆಯನ್ನು ನಮ್ಮತ್ತ ಸರಿಸುತ್ತಾರೆ. ಯಾರ ಹಸಿವೂ ಅದರಿಂದ ತೀರುವುದಿಲ್ಲ, ಎಲೆ ಎಷ್ಟಿದೆಯೆಂದು ಯಾರೂ ಎಣಿಸುವುದಿಲ್ಲ. ಆದರೆ ತಟ್ಟೆ ಮುಟ್ಟದೆ ಕುಳಿತವರ ಬಗ್ಗೆ ಮನೆಯವರಿಗೆ ಏನೋ ಒಂದು ಅನಿಸುತ್ತದೆ. ಇಂಗ್ಲಿಷಿನ ಕುಶಾಲಿನ ಮಾತನ್ನು ಕೇಳಿದಾಗ ‘ಇವರು ಏನು ಕೇಳುತ್ತಿದ್ದಾರೆ’ ಎನ್ನುವುದಕ್ಕಿಂತ ‘ಇವರು ತಟ್ಟೆ ಸರಿಸುತ್ತಿದ್ದಾರೆಯೇ’ ಎಂದು ನೋಡುವ ಅಭ್ಯಾಸವಾದರೆ ಮುಂದಿನ ಹೆಜ್ಜೆಗಳು ಸುಲಭ.

ಹೆಜ್ಜೆ 1: ಮಾತನ್ನು ಕಣ್ಣೆದುರಿನ ಸಂಗತಿಯ ಪಕ್ಕದಲ್ಲಿಟ್ಟು ನೋಡಿ

ಹೊರಗೆ ಮಳೆ ಹೊಡೆಯುತ್ತಿರುವಾಗ ಒಬ್ಬರು ನೆನೆದ ಕೊಡೆ ಮಡಚುತ್ತ ‘ಲವ್ಲಿ ವೆದರ್’ ಎಂದರೆ, ಮಾತು ಒಂದು ಕಡೆ, ಸಂಗತಿ ಇನ್ನೊಂದು ಕಡೆ. ಇವೆರಡೂ ಕೂಡದಿದ್ದಾಗ ನಮ್ಮ ಮನಸ್ಸಿಗೆ ಮೊದಲು ತೋಚುವುದು ‘ಇವರು ತಪ್ಪು ಹೇಳಿದರು’ ಅಥವಾ ‘ನಾನು ತಪ್ಪಾಗಿ ಕೇಳಿಸಿಕೊಂಡೆ’ ಎಂಬುದು. ಮೂರನೆಯ ಸಾಧ್ಯತೆಯನ್ನು ಮೊದಲಿಗೆ ತಂದುಕೊಳ್ಳಿ: ಇವರು ಬೇಕೆಂದೇ ಹಾಗೆ ಹೇಳಿದ್ದಾರೆ. ಬ್ರಿಟಿಷ್ ತತ್ತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟು 1975ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ ವಿವರಿಸಿದ್ದು ಇದನ್ನೇ. ಮಾತುಕತೆಯಲ್ಲಿ ತೊಡಗಿರುವ ಇಬ್ಬರೂ ಪರಸ್ಪರ ಸಹಕರಿಸುತ್ತಿದ್ದಾರೆಂಬ ನಂಬಿಕೆ ನಮಗೆ ಮೊದಲೇ ಇರುತ್ತದೆ, ಆದ್ದರಿಂದ ಒಬ್ಬರು ಎಲ್ಲರ ಕಣ್ಣಿಗೆ ಕಾಣುವಷ್ಟು ಸುಳ್ಳಾದ ಮಾತನ್ನು ಆಡಿದಾಗ ಕೇಳುವವರು ಅದನ್ನು ಸುಳ್ಳೆಂದು ತಳ್ಳದೆ ಅದರ ಹಿಂದಿನ ಎರಡನೆಯ ಅರ್ಥವನ್ನು ಹುಡುಕುತ್ತಾರೆ.

ಹವಾಮಾನದ ಕುಶಾಲು ಬ್ರಿಟಿಷರಲ್ಲಿ ವಿಶೇಷವಾಗಿ ಹೆಚ್ಚು. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ನಮ್ಮ ಕರಾವಳಿಯಲ್ಲಿ 3000ಕ್ಕೂ ಹೆಚ್ಚು. ಮಳೆಯ ಬಗ್ಗೆ ಅವರಿಗಿಂತ ಹೆಚ್ಚು ತಿಳಿದವರು ನಾವು, ಹಾಗಾಗಿ ಅವರು ಮಳೆಯ ವಿಷಯ ಎತ್ತಿದಾಗ ಮಾಹಿತಿ ಕೊಡುವ ಆಸೆ ನಮಗೆ ಸಹಜ. ‘ನೈಸ್ ವೆದರ್ ಫಾರ್ ಡಕ್ಸ್’, ಅಂದರೆ ಬಾತುಕೋಳಿಗಳಿಗೆ ಚೆಂದದ ಹವೆ ಎಂದವರಿಗೆ ಆಷಾಢ ಮಾಸದ ವಿವರ ಬೇಕಾಗಿರುವುದಿಲ್ಲ. ಒಂದೇ ಮಳೆಯಲ್ಲಿ ಇಬ್ಬರೂ ನೆನೆದಿದ್ದೇವೆ ಎಂಬುದಷ್ಟನ್ನು ಅವರು ಹಂಚಿಕೊಳ್ಳುತ್ತಿದ್ದಾರೆ.

ಹೆಜ್ಜೆ 2: ದನಿಯನ್ನು ಕೇಳಿ

ಇದು ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ. ನಮ್ಮಲ್ಲಿ ಇಂಗ್ಲಿಷನ್ನು ಹೆಚ್ಚಾಗಿ ಕಣ್ಣಿನಿಂದ ಕಲಿಸುತ್ತೇವೆ, ಕಿವಿಯಿಂದ ಕಲಿಸುವುದು ಕಡಿಮೆ. ಕುಶಾಲು ಇರುವುದು ಪದದಲ್ಲಲ್ಲ, ದನಿಯಲ್ಲಿ.

ಕನ್ನಡದ ಒಂದು ವಾಕ್ಯದಿಂದಲೇ ಇದನ್ನು ಪರೀಕ್ಷಿಸಬಹುದು. ‘ಒಳ್ಳೇ ಕೆಲಸ ಮಾಡಿದೆ’ ಎಂಬುದನ್ನು, ತೋಟಕ್ಕೆ ನೀರು ಬಿಟ್ಟು ಬಂದ ಮಗನಿಗೆ ಹೇಳುವಂತೆ ಒಮ್ಮೆ ಹೇಳಿ. ಬಳಿಕ ಹಾಲಿನ ಪಾತ್ರೆ ಮಗುಚಿದವನಿಗೆ ಹೇಳುವಂತೆ ಹೇಳಿ. ಎರಡನೆಯ ಸಲ ‘ಒಳ್ಳೇ’ ಎಂಬುದು ಉದ್ದವಾಗುತ್ತದೆ, ದನಿ ತಗ್ಗುತ್ತದೆ, ಮಾತು ನಿಧಾನವಾಗುತ್ತದೆ. ಇಂಗ್ಲಿಷಿನಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ‘ಥ್ಯಾಂಕ್ಸ್ ಎ ಲಾಟ್’ ಎಂಬುದು ಚುರುಕಾಗಿ, ಏರಿದ ದನಿಯಲ್ಲಿ, ಮುಖ ಅರಳಿ ಬಂದರೆ ಕೃತಜ್ಞತೆ. ಅದೇ ಮಾತು ಎಳೆದು, ಸಪ್ಪೆಯಾಗಿ, ಕೊನೆಯಲ್ಲಿ ಬಿದ್ದರೆ ‘ಒಳ್ಳೇ ಉಪಕಾರ ಮಾಡಿದೆ ನೀನು’ ಎಂಬರ್ಥ. ‘ರಿಯಲಿ?’ ಎಂಬುದರ ದನಿ ಏರಿದರೆ ಅವರಿಗೆ ನಿಜವಾಗಿ ಕುತೂಹಲವಿದೆ, ವಿವರಿಸಬಹುದು. ದನಿ ಇಳಿದರೆ ಅದು ಬಹುತೇಕ ನಮ್ಮ ‘ಹೌದಾ’ ಎಂಬ ಹೂಂಗುಟ್ಟುವಿಕೆ.

ಎರಡು ಒಪ್ಪಿಗೆಯ ಪದಗಳು ಸೇರಿ ನಿರಾಕರಣೆಯಾಗುವ ‘ಯಾ, ರೈಟ್’ ಎಂಬ ಮಾತು ಕಲಿಯುವವರನ್ನು ಅತಿಹೆಚ್ಚು ಕಂಗೆಡಿಸುತ್ತದೆ. ನಡುವೆ ಒಂದು ಕ್ಷಣ ನಿಂತು, ಎರಡೂ ಪದಗಳನ್ನು ಸಪ್ಪೆಯಾಗಿ ಹೇಳಿದರೆ ‘ನಾನಿದನ್ನು ನಂಬಿದೆ ಅಂದುಕೊಂಡಿರಾ’ ಎಂದರ್ಥ. ಸರಾಗವಾಗಿ ಒಟ್ಟಿಗೆ ಬಂದರೆ ಅದು ನಿಜವಾದ ಒಪ್ಪಿಗೆ. ಹಾಗೆಯೇ ಬ್ರಿಟಿಷರ ‘ಕ್ವೈಟ್ ಗುಡ್’ ಎಂಬುದರಲ್ಲಿ ಒತ್ತು ‘ಗುಡ್’ ಮೇಲೆ ಬಿದ್ದರೆ ಮೆಚ್ಚುಗೆ. ‘ಕ್ವೈಟ್’ ಮೇಲೆ ಬಿದ್ದರೆ ‘ಪರವಾಗಿಲ್ಲ, ಆದರೆ…’ ಎಂಬ ಅನುಮಾನ. ಹೋಮ್‌ಸ್ಟೇ ನಡೆಸುವವರು ಅತಿಥಿಯ ಬಾಯಿಂದ ಊಟದ ಬಗ್ಗೆ ಈ ಎರಡು ಪದ ಕೇಳಿದಾಗ ಒತ್ತು ಎಲ್ಲಿದೆಯೆಂದು ಗಮನಿಸಿದರೆ ಮರುದಿನ ಖಾರ ಎಷ್ಟು ಹಾಕಬೇಕೆಂಬುದೂ ತಿಳಿಯುತ್ತದೆ.

ನಮ್ಮವರಿಗೆ ಈ ಕಿವಿ ಇಲ್ಲದಿಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರ ಒಡೆಯನನ್ನು ಹೊಗಳುತ್ತಿದ್ದಾನೋ ಹಂಗಿಸುತ್ತಿದ್ದಾನೋ ಎಂದು ಕೊನೆಯ ಸಾಲಿನಲ್ಲಿ ಕುಳಿತ ಮಗುವಿಗೂ ಗೊತ್ತಾಗುತ್ತದೆ. ಪದಗಳೆಲ್ಲ ಹೊಗಳಿಕೆಯವೇ ಆಗಿದ್ದರೂ ಗೊತ್ತಾಗುತ್ತದೆ. ಅದೇ ಕಿವಿಯನ್ನು ಇಂಗ್ಲಿಷ್ ಕೇಳುವಾಗಲೂ ತೆರೆದಿಡಬೇಕು. ಪದಗಳನ್ನು ಕನ್ನಡಕ್ಕೆ ತರುವುದರಲ್ಲಿಯೇ ಮನಸ್ಸೆಲ್ಲ ತೊಡಗಿಬಿಟ್ಟರೆ ದನಿ ತಪ್ಪಿಹೋಗುತ್ತದೆ.

ಮುಖವನ್ನೂ ನೋಡಿ. ಕುಶಾಲು ಮಾಡುವವರು ಮಾತು ಮುಗಿದ ಮೇಲೆ ಅರೆಕ್ಷಣ ನಿಮ್ಮನ್ನೇ ನೋಡುತ್ತಾರೆ. ಹುಬ್ಬು ಸ್ವಲ್ಪ ಏರಿರುತ್ತದೆ, ತುಟಿಯ ತುದಿಯಲ್ಲಿ ನಗೆ ತಡೆದಿರುತ್ತದೆ. ಆ ನೋಟ ನಿಮ್ಮ ನಗೆಗಾಗಿ ಕಾಯುತ್ತಿರುತ್ತದೆ. ಆದರೆ ಬ್ರಿಟಿಷರಲ್ಲಿ ಕೆಲವರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕುಶಾಲು ಮಾಡುತ್ತಾರೆ. ಅಂಥವರ ಮಟ್ಟಿಗೆ ಮೊದಲನೆಯ ಹೆಜ್ಜೆಯೇ ಗತಿ.

ಹೆಜ್ಜೆ 3: ಅದು ಯಾವ ಬಗೆಯದೆಂದು ಗುರುತಿಸಿ

ಬಗೆಗಳು ಲೆಕ್ಕವಿಲ್ಲದಷ್ಟಿಲ್ಲ. ನಾಲ್ಕೈದನ್ನು ಬಲ್ಲವರಿಗೆ ದಿನನಿತ್ಯದ ಬಹುಪಾಲು ಮಾತು ಸಿಕ್ಕುತ್ತದೆ.

ಮೊದಲನೆಯದು ಪ್ರಶ್ನೆಯಂತೆ ಕಾಣುವ ನಮಸ್ಕಾರ. ‘ಹೌ ಆರ್ ಯು?’, ಅಮೆರಿಕನ್ನರ ‘ವಾಟ್ಸ್ ಅಪ್?’, ಬ್ರಿಟಿಷರ ‘ಯು ಆಲ್ ರೈಟ್?’ ಇವೆಲ್ಲ ಶಿರಸಿ ಕಡೆಯ ‘ಆಸರಿಗೆ ಆತಾ?’, ಅಂದರೆ ತಿಂಡಿ ಚಹಾ ಆಯಿತೇ ಎಂಬ ವಿಚಾರಣೆಯ ಬಳಗ. ‘ಯು ಆಲ್ ರೈಟ್?’ ಎಂದು ಕೇಳಿದವರಿಗೆ ನಿಮ್ಮ ಮುಖದಲ್ಲಿ ಕಾಯಿಲೆ ಕಂಡಿಲ್ಲ. ‘ಗುಡ್, ಥ್ಯಾಂಕ್ಸ್. ಯು?’ ಎಂದರೆ ಅಲ್ಲಿಗೆ ಪೂರ್ಣವಾಯಿತು.

ಎರಡನೆಯದು ಇದ್ದದ್ದನ್ನು ಕಡಿಮೆ ಮಾಡಿ ಹೇಳುವುದು. ಇದರಲ್ಲಿ ಬ್ರಿಟಿಷರಿಗೂ ನಮ್ಮ ಘಟ್ಟದ ಮೇಲಿನ ಹಿರಿಯರಿಗೂ ಇರುವ ಹೋಲಿಕೆ ನನಗೆ ಬಹಳ ಇಷ್ಟ. ಹಲಸಿನ ಹಣ್ಣಿನ ಪಾಯಸವನ್ನು ಮೂರು ಸಲ ಹಾಕಿಸಿಕೊಂಡ ಹಿರಿಯರು ಕೊನೆಯಲ್ಲಿ ‘ಅಡ್ಡಿಲ್ಲೆ’ ಎಂದರೆ ಅಡುಗೆ ಮಾಡಿದವರಿಗೆ ಅದು ದೊಡ್ಡ ಬಿರುದು. ಇಂಗ್ಲಿಷಿನ ‘ನಾಟ್ ಬ್ಯಾಡ್’ ಹಾಗೆಯೇ. ದನಿ ಏರಿ ತಲೆ ತೂಗಿದರೆ ‘ಬಹಳ ಚೆನ್ನಾಗಿದೆ’ ಎಂದೇ ತಿಳಿಯಬೇಕು, ಪದಶಃ ‘ಕೆಟ್ಟದ್ದಲ್ಲ’ ಎಂದು ತಿಳಿದು ನೊಂದುಕೊಳ್ಳಬಾರದು. ಈ ವರ್ಷ ಅಡಿಕೆ ಹೇಗಿದೆಯೆಂದು ಕೇಳಿದರೆ, ಕೊಳೆರೋಗ ಬಾರದೆ ಕೊನೆಗಳು ತುಂಬಿಕೊಂಡಿದ್ದರೂ ತೋಟದವರು ‘ಹೆಂಗೋ ನಡೀತಾ ಇದ್ದು’ ಎನ್ನುತ್ತಾರೆ. ಇಂಗ್ಲಿಷಿನವರು ಅದನ್ನೇ ‘ಕಾಂಟ್ ಕಂಪ್ಲೇನ್’ ಎನ್ನುತ್ತಾರೆ. ದೂರುವುದಕ್ಕೆ ಕಾರಣವಿಲ್ಲವೆಂದರೆ ಎಲ್ಲ ಕುಶಲವೆಂದರ್ಥ, ದೂರು ಕೊಡಲು ಯಾರೋ ಬಿಡುತ್ತಿಲ್ಲವೆಂದಲ್ಲ.

ಮೂರನೆಯದು ಹೆಚ್ಚು ಮಾಡಿ ಹೇಳುವುದು. ನಮಗೆ ಹಸಿದರೆ ಹೊಟ್ಟೆಯಲ್ಲಿ ಇಲಿ ಓಡಾಡುತ್ತದೆ, ಅವರು ‘ಐ ಕುಡ್ ಈಟ್ ಎ ಹಾರ್ಸ್’ ಎಂದು ಕುದುರೆಯನ್ನೇ ತಿನ್ನಲು ಸಿದ್ಧರಾಗುತ್ತಾರೆ. ಇವುಗಳಲ್ಲಿ ಅಪಾಯ ಕಡಿಮೆ, ಅತಿಶಯ ತಾನಾಗಿ ಕಾಣುತ್ತದೆ.

ನಾಲ್ಕನೆಯದು ತಿರುಗಿಸಿ ಹೇಳುವುದು. ರೈಲು ಮೂರು ಗಂಟೆ ತಡವಾದಾಗ ‘ಗ್ರೇಟ್’, ಹರಿವಾಣ ಕೈಜಾರಿ ಬಿದ್ದಾಗ ‘ವೆಲ್ ಡನ್’ ಎನ್ನುವುದು ಈ ಜಾತಿ. ‘ಟೆಲ್ ಮಿ ಅಬೌಟ್ ಇಟ್’ ಕೂಡ ಇಲ್ಲಿಯೇ ಸೇರುತ್ತದೆ. ಗುರುತು ಹಿಡಿಯುವುದಕ್ಕೆ ಒಂದು ಉಪಾಯವಿದೆ: ನೀವು ಹೇಳಿದ ಕಷ್ಟ ಅವರಿಗೂ ಗೊತ್ತಿರುವಂಥದ್ದೇ ಆಗಿದ್ದರೆ ಅದು ‘ನನಗೂ ಗೊತ್ತು’ ಎಂಬರ್ಥದ್ದು, ಆಗ ದನಿ ಇಳಿಮುಖವಾಗಿದ್ದು ‘ಟೆಲ್’ ಅಥವಾ ‘ಮಿ’ ಎಂಬಲ್ಲಿ ಒತ್ತು ಬೀಳುತ್ತದೆ. ಗೊತ್ತಿರಲು ಸಾಧ್ಯವಿಲ್ಲದ ವಿಷಯವಾಗಿದ್ದು, ಅವರು ಮುಂದೆ ಬಾಗಿ ಕೇಳಿದರೆ ನಿಜವಾಗಿ ಹೇಳಬೇಕು. ‘ಗುಡ್ ಲಕ್ ವಿದ್ ದ್ಯಾಟ್’ ಎಂಬುದೂ ಹೀಗೆಯೇ ಎರಡು ಮುಖದ ಮಾತು. ಪರೀಕ್ಷೆಗೆ ಹೊರಟವರಿಗೆ ಹೇಳಿದರೆ ಹಾರೈಕೆ. ಜಾತ್ರೆಯ ದಿನ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಎದುರಿಗೇ ಕಾರು ನಿಲ್ಲಿಸಲು ಜಾಗ ಹುಡುಕುತ್ತೇನೆ ಎಂದವರಿಗೆ ಹೇಳಿದರೆ ‘ಸಿಕ್ಕಿದ ಹಾಗೆಯೇ’.

ಐದನೆಯದು ಕಾಲೆಳೆಯುವುದು. ಇಲ್ಲಿ ಎರಡು ಭಾಷೆಗಳೂ ಒಂದೇ ಅಂಗವನ್ನು ಹಿಡಿದಿವೆ: ಅವರದು ‘ಪುಲಿಂಗ್ ಯುವರ್ ಲೆಗ್’, ನಮ್ಮದು ಕಾಲೆಳೆಯುವುದು. ಆದರೆ ಕನ್ನಡದಲ್ಲಿ ಕಾಲೆಳೆಯುವುದೆಂದರೆ ಮೇಲೇರುವವರನ್ನು ಕೆಳಗೆ ಬೀಳಿಸುವುದೂ ಆಗಬಹುದು, ಇಂಗ್ಲಿಷಿನಲ್ಲಿ ಆ ಕಹಿಯಿಲ್ಲ, ಬರಿಯ ತಮಾಷೆಯಷ್ಟೇ. ಕಾರವಾರದಲ್ಲಿ ವೈರಿಂಗ್ ಕೆಲಸ ಮಾಡುವ ಪರಿಚಯದ ಹುಡುಗನೊಬ್ಬ ಒಂದು ಮನೆಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಿದ್ದಾಗ ಮನೆಯ ಯಜಮಾನರು ಹಾದುಹೋಗುತ್ತ ‘ವರ್ಕಿಂಗ್ ಹಾರ್ಡ್, ಆರ್ ಹಾರ್ಡ್ಲಿ ವರ್ಕಿಂಗ್?’ ಎಂದು ಕೇಳಿದರಂತೆ. ಕಷ್ಟಪಟ್ಟು ಕೆಲಸವೋ, ಕೆಲಸವೇ ಇಲ್ಲವೋ ಎಂಬ ಈ ಮಾತಿನಲ್ಲಿರುವುದು ಒಂದೇ ಪದದ ಎರಡು ರೂಪಗಳ ಆಟ. ಹುಡುಗ ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲಿಟ್ಟು ಎದ್ದುನಿಂತ. ಬೆಳಗ್ಗಿನಿಂದ ಏನೇನು ಮಾಡಿದೆನೆಂದು ಹೇಳಿ ಊಟ ಬಿಟ್ಟು ಕೆಲಸಕ್ಕೆ ಕೈಹಾಕಿದ. ಸಂಜೆ ನನ್ನ ಬಳಿ ಹೇಳಿಕೊಳ್ಳುವಾಗಲೂ ಅವನ ದನಿಯಲ್ಲಿ ನೋವಿತ್ತು. ಆ ತುತ್ತು ಡಬ್ಬಿಗೆ ಮರಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ, ಈ ಲೇಖನ ಬರೆಯಬೇಕೆನಿಸಿದ್ದೂ ಅದರಿಂದಲೇ. ಆ ಮಾತು ಯಾರ ಸೋಮಾರಿತನವನ್ನೂ ಎತ್ತಿ ತೋರಿಸುವುದಲ್ಲ, ಬಿಡುವಿನಲ್ಲಿರುವವರನ್ನು ಕಂಡಾಗ ಆಡುವ ಹಳೆಯ ಸವೆದ ಕುಶಾಲು. ಹೊರಡುವಾಗ ‘ಡೋಂಟ್ ವರ್ಕ್ ಟೂ ಹಾರ್ಡ್’ ಎಂದರೂ ಅಷ್ಟೇ, ಅದು ಬೀಳ್ಕೊಡುಗೆ.

ಇನ್ನು ಕೆಲವು ಮಾತುಗಳನ್ನು ಹಾಗೆಯೇ ತಿಳಿದಿಟ್ಟುಕೊಳ್ಳಬೇಕು, ತರ್ಕದಿಂದ ಬಿಡಿಸಲಾಗದು. ರಂಗಕ್ಕೆ ಹೊರಟವರಿಗೆ ‘ಬ್ರೇಕ್ ಎ ಲೆಗ್’ ಎಂದರೆ ಶುಭವಾಗಲಿ ಎಂದು. ‘ನಾಕ್ ಯುವರ್‌ಸೆಲ್ಫ್ ಔಟ್’ ಎಂದರೆ ಧಾರಾಳವಾಗಿ ಮಾಡಿ ಎಂದು. ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರೇ ಬಾಗಿಲಲ್ಲಿ ಕಾಣಿಸಿಕೊಂಡಾಗ ‘ಸ್ಪೀಕ್ ಆಫ್ ದಿ ಡೆವಿಲ್’ ಎನ್ನುತ್ತಾರೆ. ಅಂಥ ಗಳಿಗೆಯಲ್ಲಿ ನಾವು ‘ನಿಮಗೆ ಆಯುಷ್ಯ ಗಟ್ಟಿ’ ಎನ್ನುತ್ತೇವೆ. ಒಂದು ಭಾಷೆ ಸೈತಾನನನ್ನು ನೆನೆಯುವ ಕಡೆ ಇನ್ನೊಂದು ನೂರು ವರ್ಷ ಹಾರೈಸುತ್ತದೆ, ಆದರೆ ಎರಡರಲ್ಲೂ ಇರುವುದು ಒಂದೇ ಸಂತೋಷದ ಅಚ್ಚರಿ. ನಿಮ್ಮನ್ನು ಕಂಡು ಆ ಮಾತು ಬಂದರೆ ಬೈದರೆಂದು ತಿಳಿಯಬೇಡಿ.

ಹೆಜ್ಜೆ 4: ಚಿಕ್ಕದಾಗಿ ಉತ್ತರಿಸಿ, ತಟ್ಟೆಯನ್ನು ಮರಳಿ ಸರಿಸಿ

ಕುಶಾಲಿಗೆ ಕುಶಾಲಿನಲ್ಲೇ ಉತ್ತರಿಸಬೇಕೆಂಬ ಹಟ ಬೇಡ. ನಗೆಯೊಂದೇ ಬಹುತೇಕ ಸಾಕು. ಅದಕ್ಕೆ ಮೂರು ನಾಲ್ಕು ಪದ ಸೇರಿಸಬಹುದಾದರೆ ಇನ್ನೂ ಒಳ್ಳೆಯದು. ‘ಲವ್ಲಿ ವೆದರ್’ ಎಂದವರಿಗೆ ‘ಪರ್ಫೆಕ್ಟ್ ಫಾರ್ ಎ ವಾಕ್’ ಎನ್ನಬಹುದು, ಅವರು ಹಿಡಿದ ಎಳೆಯನ್ನೇ ನೀವು ಮುಂದುವರಿಸಿದಂತಾಯಿತು. ‘ವರ್ಕಿಂಗ್ ಹಾರ್ಡ್’ ಎಂಬ ಪ್ರಶ್ನೆಗೆ ‘ಎ ಬಿಟ್ ಆಫ್ ಬೋತ್’ ಎಂಬ ಉತ್ತರ ಎಲ್ಲೆಡೆ ಸಲ್ಲುತ್ತದೆ. ‘ಟೆಲ್ ಮಿ ಅಬೌಟ್ ಇಟ್’ ಎಂದವರಿಗೆ ಉತ್ತರವೇ ಬೇಕಿಲ್ಲ, ತಲೆದೂಗಿ ಚಹಾ ಕೊಟ್ಟರೆ ಆಯಿತು.

ಉತ್ತರ ಉದ್ದವಾದಷ್ಟೂ ಕುಶಾಲು ಸಾಯುತ್ತದೆ. ವಿವರಣೆ ಕೊಡಲೇಬೇಕಾದ ವಿಷಯವಿದ್ದರೆ ಮೊದಲು ನಕ್ಕು, ಬಳಿಕ ಬೇರೆ ವಾಕ್ಯವಾಗಿ ಹೇಳಿ. ದೂರದೇಶದ ತಂಡದೊಂದಿಗೆ ಬೆಳಗಿನ ವಿಡಿಯೋ ಸಭೆಗೆ ಕೂಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ಸಭೆಯ ಮೊದಲ ಎರಡು ನಿಮಿಷ ಕವಳದ ತಟ್ಟೆಯ ಹೊತ್ತು, ಕೆಲಸದ ವರದಿ ಅನಂತರದ್ದು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಅರ್ಥಮಾಡಿಕೊಳ್ಳುವುದು ಬೇರೆ, ಬಳಸುವುದು ಬೇರೆ. ನಂಬಲಾಗದ ಸುದ್ದಿ ಕೇಳಿದಾಗ ಆಪ್ತ ಗೆಳೆಯರು ‘ಶಟ್ ಅಪ್’ ಎಂದೋ ‘ಗೆಟ್ ಔಟ್ ಆಫ್ ಹಿಯರ್’ ಎಂದೋ ಉದ್ಗರಿಸುತ್ತಾರೆ, ಅವು ಅಚ್ಚರಿಯ ಮಾತುಗಳು. ನಿಮಗೆ ಹೇಳಿದರೆ ಬಾಯಿ ಮುಚ್ಚಿ ಕೂರಬೇಕಾಗಿಲ್ಲ, ಎದ್ದು ಹೋಗಲೂ ಬೇಕಾಗಿಲ್ಲ. ಆದರೆ ದನಿಯ ಏರಿಳಿತ ನಾಲಗೆಗೆ ಪಳಗುವ ಮೊದಲು ಅವನ್ನು ನೀವು ಆಡಲು ಹೋದರೆ ಬೈಗುಳವಾಗಿಯೇ ಕೇಳಿಸುತ್ತದೆ. ಅತಿಥಿಗಳೊಂದಿಗೆ, ಮೇಲಧಿಕಾರಿಗಳೊಂದಿಗೆ ಖಂಡಿತ ಬೇಡ.

ಹೆಜ್ಜೆ 5: ಅರ್ಥವಾಗದಿದ್ದರೆ ಕೇಳಿ

ಅರ್ಥವಾಗದೆ ಸುಮ್ಮನೆ ನಗುವುದು ಒಮ್ಮೊಮ್ಮೆ ನಡೆಯುತ್ತದೆ, ಆದರೆ ಅವರು ನಿಜವಾದ ಕಷ್ಟ ಹೇಳುತ್ತಿದ್ದರೆ ಆ ನಗು ಗಾಯಮಾಡುತ್ತದೆ. ಅದಕ್ಕಿಂತ ‘ಆರ್ ಯು ಜೋಕಿಂಗ್?’ ಎಂದು ಮೆಲ್ಲನೆ ಕೇಳುವುದೇ ಮೇಲು. ಇನ್ನೂ ನಯವಾಗಿ ‘ಐ ಹ್ಯಾವ್‌ಂಟ್ ಹರ್ಡ್ ದ್ಯಾಟ್ ಒನ್’, ಅಂದರೆ ಈ ಮಾತನ್ನು ನಾನು ಕೇಳಿರಲಿಲ್ಲ ಎನ್ನಬಹುದು. ತಮ್ಮ ಭಾಷೆಯ ಮಾತೊಂದನ್ನು ವಿವರಿಸುವ ಅವಕಾಶ ಸಿಕ್ಕರೆ ಯಾರಿಗೂ ಬೇಸರವಾಗುವುದಿಲ್ಲ. ವಿವರಿಸಿದ ಮೇಲೆ ಅದಕ್ಕೆ ಸಮನಾದ ಕನ್ನಡದ ಮಾತನ್ನೋ ಕೊಂಕಣಿಯ ಮಾತನ್ನೋ ಅವರಿಗೆ ಕೊಡಿ. ಹೊಟ್ಟೆಯಲ್ಲಿ ಓಡುವ ಇಲಿಯ ಕಥೆ ಕೇಳಿ ಸಂತೋಷಪಡದ ವಿದೇಶಿಯರನ್ನು ನಾನು ಕಂಡಿಲ್ಲ.

ಕುಶಾಲಿನ ಹೆಸರಿನಲ್ಲಿ ಬರುವ ಬೇರೆ ಮಾತು

ಮೈಬಣ್ಣ, ಜಾತಿ, ಧರ್ಮ, ದೇಹ, ಉಚ್ಚಾರಣೆ ಇವುಗಳನ್ನು ಹಿಡಿದು ಆಡಿ, ನಿಮ್ಮ ಮುಖ ಬಾಡಿದ್ದು ಕಂಡ ಮೇಲೆ ‘ಜಸ್ಟ್ ಕಿಡಿಂಗ್’ ಎಂದು ಸೇರಿಸಿದರೆ ಅದು ಕುಶಾಲಲ್ಲ. ನಿಜವಾದ ಕುಶಾಲಿನಲ್ಲಿ ಇಬ್ಬರೂ ನಗುತ್ತಾರೆ, ಮತ್ತು ನೀವು ಅದನ್ನೇ ಅವರಿಗೆ ಮರಳಿಸಿದರೆ ಅವರು ಸಹಿಸುತ್ತಾರೆ. ಅರ್ಥವಾಗಲಿಲ್ಲವೇನೋ ಎಂಬ ಸಂಕೋಚದಿಂದ ಅಂಥದ್ದನ್ನು ನುಂಗಿಕೊಳ್ಳಬೇಡಿ. ‘ಐ ಡೋಂಟ್ ಫೈಂಡ್ ದ್ಯಾಟ್ ಫನಿ’ ಎಂಬ ನೇರ ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ದನಿ ಏರಿಸದೆ ಹೇಳಿ.

ಬರಹದಲ್ಲಿ ಬಂದಾಗ

ವಾಟ್ಸಾಪಿನಲ್ಲಿ, ಮೇಲ್‌ನಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ. ಇದು ಇಂಗ್ಲಿಷ್ ಬಾರದವರಿಗಷ್ಟೇ ಇರುವ ತೊಡಕಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸಂದೇಶಗಳ ತಮಾಷೆಯನ್ನು ಓದುಗರು ನಿಜವೆಂದು ತಿಳಿಯುತ್ತಿದ್ದುದರಿಂದ ಸ್ಕಾಟ್ ಫಾಲ್‌ಮನ್ ಎಂಬ ವಿಜ್ಞಾನಿ 1982ರ ಸೆಪ್ಟೆಂಬರ್ 19ರಂದು, ತಮಾಷೆಯ ಮುಂದೆ ಅಡ್ಡಬಿದ್ದ ನಗುಮುಖದ ಗುರುತು ಹಾಕೋಣವೆಂದು ಸೂಚಿಸಿದರು. ಕೋಲನ್, ಅಡ್ಡಗೆರೆ, ಆವರಣ ಚಿಹ್ನೆ ಸೇರಿದ ಆ ಗುರುತೇ ಮುಂದೆ ನಾವು ಒತ್ತುವ ಹಳದಿ ಮುಖಗಳಿಗೆ ದಾರಿಮಾಡಿತು. ಆದ್ದರಿಂದ ವಾಕ್ಯದ ಕೊನೆಯ ಗುರುತನ್ನು ಮೊದಲು ನೋಡಿ, ಆಮೇಲೆ ವಾಕ್ಯವನ್ನು ಓದಿ. ಗುರುತಿಲ್ಲದೆ ಮಾತು ಚುಚ್ಚಿದಂತೆ ಕಂಡರೆ ಕೂಡಲೇ ಉತ್ತರಿಸದೆ ಫೋನ್ ಮಾಡಿ ಮಾತಾಡಿ. ದನಿ ಕೇಳಿದೊಡನೆ ಅರ್ಧ ಸಂಶಯ ಹೋಗುತ್ತದೆ.

ಅಭ್ಯಾಸದ ಕ್ರಮ

ಪದಗಳ ಪಟ್ಟಿ ಉರುಹೊಡೆಯುವುದರಿಂದ ಈ ವಿದ್ಯೆ ಬರುವುದಿಲ್ಲ. ಇಂಗ್ಲಿಷ್ ಕ್ರಿಕೆಟ್ ವೀಕ್ಷಕ ವಿವರಣೆ ಒಳ್ಳೆಯ ಶಾಲೆ, ಏಕೆಂದರೆ ಅಲ್ಲಿ ಸಂಗತಿ ಕಣ್ಣೆದುರಿಗೇ ಇರುತ್ತದೆ. ಕೈಗೆ ಬಂದ ಕ್ಯಾಚ್ ಬಿಟ್ಟ ಆಟಗಾರನ ಬಗ್ಗೆ ವಿವರಣೆಕಾರರು ‘ಹೀ ವೋಂಟ್ ಬಿ ಟೂ ಪ್ಲೀಸ್ಡ್ ವಿದ್ ದ್ಯಾಟ್’ ಎಂದು ಮೆತ್ತಗೆ ಹೇಳುವಾಗ, ಕಡಿಮೆ ಮಾಡಿ ಹೇಳುವುದೆಂದರೇನೆಂದು ಪರದೆಯ ಮೇಲೆಯೇ ಕಾಣುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು, ಕೇಳಿದ್ದನ್ನು ಅದೇ ದನಿಯಲ್ಲಿ ಬಾಯಿಬಿಟ್ಟು ಹೇಳಿ ನೋಡಿ.

ಜೇಬಿಗೆ ಹಿಡಿಯುವ ಒಂದು ನೋಟುಪುಸ್ತಕವನ್ನೂ ಇಟ್ಟುಕೊಳ್ಳಿ. ಪ್ರತಿ ಮಾತಿಗೂ ಐದು ವಿಷಯ ಬರೆಯಬೇಕು: ಎಲ್ಲಿ, ಏನು ನಡೆದಿತ್ತು, ಏನೆಂದರು, ದನಿ ಹೇಗಿತ್ತು, ನಾನೇನೆಂದೆ. ಈ ಮೊದಲು ಹೇಳಿದ ವೈರಿಂಗ್ ಹುಡುಗ ಈಗ ಹೀಗೆ ಬರೆಯುತ್ತಿದ್ದಾನೆ. ಅವನ ಪುಸ್ತಕದ ಒಂದು ಪುಟವನ್ನು ಅವನ ಒಪ್ಪಿಗೆಯಿಂದ ಇಲ್ಲಿ ಕೊಡುತ್ತೇನೆ. ‘ಕಾರವಾರ ರೈಲು ನಿಲ್ದಾಣ, ಶನಿವಾರ. ಗಾಡಿ ಎರಡು ತಾಸು ತಡ. ಪಕ್ಕದವರು ಗಡಿಯಾರ ನೋಡಿ ರೈಟ್ ಆನ್ ಟೈಮ್ ಅಂದರು. ದನಿ ಕೆಳಗೆ, ರೈಟ್ ಉದ್ದ, ಮುಖ ನನ್ನ ಕಡೆ. ನಾನು ನಕ್ಕು ಆಸ್ ಆಲ್ವೇಸ್ ಅಂದೆ. ಅವರೂ ನಕ್ಕರು, ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.’